ಹಳೆಯ ಜೀಪಿನ ಕ್ಲಚ್ ಮತ್ತು ಯಾರೂ ಮುಟ್ಟದ ಲಿವರು

ಮಲೆನಾಡಿನಲ್ಲಿ ಮಳೆ ಹಿಡಿದುಕೊಂಡ ಮೇಲೆ ಯಾವ ಪೇಟೆಯ ಗ್ಯಾರೇಜಿಗೆ ಹೋದರೂ ಒಂದಾದರೂ ಹಳೆಯ ಜೀಪು ಒಳಗಿನ ನೆಲದ ತಗಡು ಬಿಚ್ಚಿಸಿಕೊಂಡು, ಗೇರ್ ಬಾಕ್ಸನ್ನು ಪಕ್ಕದ ಗೋಣಿಚೀಲದ ಮೇಲೆ ಇಳಿಸಿಕೊಂಡು ನಿಂತಿರುತ್ತದೆ. ಏನಾಯಿತೆಂದು ಕೇಳಿದರೆ "ಕ್ಲಚ್ ಹೋಗಿದೆ" ಎಂಬ ಉತ್ತರ ಬರುತ್ತದೆ. ಎಂಜಿನ್ನನ್ನು ಗೇರ್ ಬಾಕ್ಸಿಗೆ ಜೋಡಿಸುವ, ಪೆಡಲ್ ಒತ್ತಿದಾಗ ಬಿಡಿಸುವ ಭಾಗವೇ ಕ್ಲಚ್. ಹಾಗೆ ಹೇಳುವವರ ದನಿಯಲ್ಲಿ ಅಚ್ಚರಿ ಇರುವುದಿಲ್ಲ. ಟೈರು, ಬ್ರೇಕ್ ಲೈನಿಂಗು, ಕ್ಲಚ್ ಪ್ಲೇಟು ಎಲ್ಲವೂ ಸವೆಯುವ ವಸ್ತುಗಳೇ, ಹೋದಾಗ ಹೊಸದು ಹಾಕಿಸಿದರಾಯಿತು ಎಂಬುದು ಸಾಮಾನ್ಯವಾದ ಮಾತು. ಆದರೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಪ್ರಶ್ನೆ ಬೇರೆ. ಒಂದೇ ಊರಿನ, ಒಂದೇ ಮಾದರಿಯ, ಹೆಚ್ಚುಕಡಿಮೆ ಒಂದೇ ಲೋಡು ಹೊರುವ ಎರಡು ಜೀಪುಗಳಲ್ಲಿ ಒಂದು ವರ್ಷಗಟ್ಟಲೆ ಅದೇ ಪ್ಲೇಟಿನಲ್ಲಿ ಓಡುತ್ತದೆ, ಇನ್ನೊಂದು ಕೆಲವೇ ಮಳೆಗಾಲಗಳಲ್ಲಿ ಮತ್ತೆ ಅದೇ ಗೋಣಿಚೀಲದ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಈ ವ್ಯತ್ಯಾಸ ಬಿಡಿಭಾಗದ ಗುಣಮಟ್ಟದಿಂದ ಮಾತ್ರ ಬರುವುದು ಸಾಧ್ಯವಿಲ್ಲ.

ನಮ್ಮ ಮನೆಯಲ್ಲಿರುವುದು ಮಹೀಂದ್ರಾ ಎಂಎಂ 540. ಪ್ಯೂಜೋದ 2112 ಸಿಸಿ ಡೀಸೆಲ್ ಎಂಜಿನ್, ನಾಲ್ಕು ಗೇರು, ಅದರ ಹಿಂದೆ ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸು. ತೋಟದಿಂದ ಅಡಿಕೆ ಗೊನೆ, ಗುಡ್ಡದಿಂದ ದರಕು (ಒಣ ಎಲೆ) ಮತ್ತು ಸೊಪ್ಪು, ಪೇಟೆಯಿಂದ ಗೊಬ್ಬರದ ಚೀಲ ಎಲ್ಲವೂ ಅದರಲ್ಲೇ ಬರಬೇಕು. ಮನೆಯಿಂದ ಟಾರು ರಸ್ತೆಗೆ ಸೇರುವ ಏರು ಮಳೆಗಾಲದಲ್ಲಿ ಕೆಂಪು ಕೆಸರಾಗಿರುತ್ತದೆ. ಇತ್ತೀಚೆಗೆ ಅದರ ಕ್ಲಚ್ಚನ್ನು ಬದಲಿಸುವ ಕೆಲಸ ಬಂದಾಗ ಮೊದಲಿನಿಂದ ಕೊನೆಯವರೆಗೆ ಗ್ಯಾರೇಜಿನಲ್ಲೇ ಕೂತು ನೋಡಿದೆ. ಆ ನೋಟದಿಂದ ನನಗೆ ತಿಳಿದದ್ದನ್ನು ಬರೆದಿಡಬೇಕೆನ್ನಿಸಿತು.

ಪೆಡಲಿನಲ್ಲಿ ಮೊದಲು ತಿಳಿಯುವುದು

ಕ್ಲಚ್ ಒಮ್ಮೆಗೇ ಹೋಗುವುದು ಅಪರೂಪ. ತಿಂಗಳುಗಟ್ಟಲೆ ಮುಂಚೆಯೇ ಸೂಚನೆ ಕೊಡುತ್ತದೆ. ಈ ಜೀಪುಗಳಲ್ಲಿ ಪೆಡಲನ್ನು ಒತ್ತಿದಾಗ ಮೊದಲ ಒಂದಿಂಚಿನಷ್ಟು ದೂರ ಯಾವ ಭಾರವೂ ಸಿಗದೆ ಸಡಿಲವಾಗಿ ಹೋಗಬೇಕು, ಇದನ್ನೇ ಫ್ರೀ ಪ್ಲೇ ಎನ್ನುತ್ತಾರೆ. ಕ್ಲಚ್ ಪ್ಲೇಟಿನ ಮೇಲಿನ ಲೈನಿಂಗ್ ಸವೆದಂತೆ, ಆ ಪ್ಲೇಟನ್ನು ಎಂಜಿನ್ನಿನೊಂದಿಗೆ ತಿರುಗುವ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಬೆರಳುಗಳು ಹಿಂದಕ್ಕೆ, ಅಂದರೆ ಗೇರ್ ಬಾಕ್ಸಿನ ಕಡೆಗೆ ಸರಿಯುತ್ತವೆ, ಪೆಡಲಿನ ಸಡಿಲವೂ ಅಷ್ಟಷ್ಟೇ ಕಡಿಮೆಯಾಗುತ್ತದೆ. ಸಡಿಲ ಪೂರ್ತಿ ಇಲ್ಲವಾದಾಗ ಪೆಡಲ್ ಒತ್ತಿದಾಗ ಮಾತ್ರ ಬೆರಳುಗಳನ್ನು ತಳ್ಳಬೇಕಾದ ರಿಲೀಸ್ ಬೇರಿಂಗು ಸದಾಕಾಲ ಅವುಗಳ ಮೇಲೆ ಒತ್ತಿಕೊಂಡೇ ಇರುತ್ತದೆ. ಆಗ ಯಾರೂ ಪೆಡಲ್ ಮುಟ್ಟದಿದ್ದರೂ ಕ್ಲಚ್ ಅರ್ಧಂಬರ್ಧ ಬಿಟ್ಟುಕೊಂಡಿರುತ್ತದೆ, ಪ್ಲೇಟು ಜಾರುತ್ತದೆ, ಬಿಸಿಯಾಗುತ್ತದೆ, ಇನ್ನೂ ಬೇಗ ಸವೆಯುತ್ತದೆ. ಕೆಳಗಿನ ಸರಳಿನ ನಟ್ಟನ್ನು ಹೊಂದಿಸಿ ಸಡಿಲವನ್ನು ಮರಳಿ ಕೊಡುವುದು ಹತ್ತು ನಿಮಿಷದ ಕೆಲಸ. ಅದನ್ನು ಯಾರೂ ಮಾಡದೆ ಬಿಟ್ಟ ಕಾರಣಕ್ಕೆ ಆಯುಸ್ಸಿದ್ದ ಪ್ಲೇಟುಗಳು ಸುಟ್ಟುಹೋದದ್ದನ್ನು ನಾನು ಕಂಡಿದ್ದೇನೆ, ಕಂಡಾಗಲೆಲ್ಲ ನೊಂದಿದ್ದೇನೆ.

ಜಾರುವ ಕ್ಲಚ್ಚಿನ ಲಕ್ಷಣವನ್ನು ಜೀಪು ಇಟ್ಟುಕೊಂಡವರಿಗೆ ಹೇಳಬೇಕಾಗಿಲ್ಲ. ಏರಿನಲ್ಲಿ ಎಂಜಿನ್ನಿನ ಸದ್ದು ಹೆಚ್ಚುತ್ತದೆ, ಜೀಪಿನ ವೇಗ ಹೆಚ್ಚುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಆದರೆ ಗೇರ್ ಹಾಕುವಾಗ ಕಿರ್ರೆನ್ನುವುದು, ಅದರಲ್ಲೂ ರಿವರ್ಸ್ ಬೀಳದೆ ಹಲ್ಲು ಕಡಿಯುವುದು ಬೇರೆಯೇ ತೊಂದರೆ. ಅಲ್ಲಿ ಪ್ಲೇಟು ಬಿಟ್ಟುಕೊಳ್ಳುತ್ತಿಲ್ಲ ಎಂದರ್ಥ. ಇವೆರಡನ್ನೂ "ಕ್ಲಚ್ ಹೋಗಿದೆ" ಎಂಬ ಒಂದೇ ಮಾತಿನಲ್ಲಿ ಸೇರಿಸಿಬಿಟ್ಟರೆ ಕಾರಣ ಹುಡುಕುವ ದಾರಿ ಅಲ್ಲಿಯೇ ಮುಚ್ಚಿಹೋಗುತ್ತದೆ.

ಗೇರ್ ಬಾಕ್ಸ್ ಇಳಿಸುವುದು

ಕ್ಲಚ್ ಬದಲಿಸುವ ಕೆಲಸದಲ್ಲಿ ನಿಜವಾಗಿ ಕ್ಲಚ್ ಬದಲಿಸುವುದು ಬಹಳ ಸ್ವಲ್ಪ ಹೊತ್ತು. ಮಿಕ್ಕ ಸಮಯವೆಲ್ಲ ಅದರ ಬಳಿ ಹೋಗುವುದಕ್ಕೆ ಮತ್ತು ಅಲ್ಲಿಂದ ಹಿಂದೆ ಬರುವುದಕ್ಕೆ ಬೇಕು. ನಾಲ್ಕು ಚಕ್ರ ಎಳೆಯುವ ವಾಹನದಲ್ಲಿ ಈ ದಾರಿ ಇನ್ನೂ ಉದ್ದ. ಚಕ್ರಗಳ ಕಡೆಗೆ ಬಲ ಒಯ್ಯುವ ಒಂದು ಜಾಯಿಂಟ್ ಶಾಫ್ಟಿನ ಬದಲು ಮುಂದಕ್ಕೊಂದು, ಹಿಂದಕ್ಕೊಂದು ಎರಡನ್ನು ಬಿಚ್ಚಬೇಕು. ಟ್ರಾನ್ಸ್‌ಫರ್ ಕೇಸು ಗೇರ್ ಬಾಕ್ಸಿಗೆ ಅಂಟಿಕೊಂಡೇ ಇರುವುದರಿಂದ ಎರಡನ್ನೂ ಒಟ್ಟಿಗೆ ಇಳಿಸಬೇಕು, ಆ ತೂಕ ಒಬ್ಬರ ಕೈಗೆ ಬಗ್ಗುವುದಿಲ್ಲ. ಒಳಗಿನಿಂದ ತಗಡು ತೆಗೆದು ಲಿವರುಗಳನ್ನು ಕಳಚಬೇಕು, ಸ್ಪೀಡೋಮೀಟರ್ ಕೇಬಲ್ಲು ಬಿಡಿಸಬೇಕು, ಎಂಜಿನ್ನಿನ ಹಿಂಭಾಗಕ್ಕೆ ಮರದ ತುಂಡು ಕೊಟ್ಟು ಜಾಕಿ ನಿಲ್ಲಿಸಿ ಆಮೇಲೆ ಗೇರ್ ಬಾಕ್ಸನ್ನು ಹೊತ್ತಿರುವ ಅಡ್ಡ ಮೆಂಬರು ಕಳಚಬೇಕು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳುವುದು ಅಗತ್ಯ. ನಮ್ಮಂಥ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ಮು ಚಕ್ರದ ಬಳಿ ಇರದೆ ಟ್ರಾನ್ಸ್‌ಫರ್ ಕೇಸಿನ ಹಿಂದೆ ಇರುತ್ತದೆ. ಅದು ಹಿಡಿಯುವುದು ಜಾಯಿಂಟ್ ಶಾಫ್ಟನ್ನು, ಶಾಫ್ಟಿನ ಮೂಲಕ ಚಕ್ರಗಳನ್ನು. ಶಾಫ್ಟು ಬಿಚ್ಚಿದ ಕ್ಷಣದಿಂದ ಹ್ಯಾಂಡ್ ಬ್ರೇಕ್ ಎಳೆದಿದ್ದರೂ, ಗೇರಿನಲ್ಲಿ ನಿಲ್ಲಿಸಿದ್ದರೂ ಜೀಪನ್ನು ಹಿಡಿದುಕೊಳ್ಳುವ ಯಾವುದೂ ಉಳಿದಿರುವುದಿಲ್ಲ. ನಮ್ಮ ಮೆಕ್ಯಾನಿಕ್ ಪಾನಾ ಕೈಗೆತ್ತಿಕೊಳ್ಳುವುದಕ್ಕೆ ಮುಂಚೆ ನಾಲ್ಕೂ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಪ್ರತಿಯೊಂದನ್ನೂ ಕಾಲಿನಿಂದ ಒದ್ದು ನೋಡಿ, ಆಮೇಲೆ ಮಾತ್ರ ಹುಡುಗನನ್ನು ಕೆಳಗೆ ನುಗ್ಗಲು ಬಿಟ್ಟರು. ಮಲೆನಾಡಿನಲ್ಲಿ ಸಮತಟ್ಟಾದ ಗ್ಯಾರೇಜಿನ ಅಂಗಳ ಸಿಗುವುದೇ ಕಷ್ಟ. ಈ ಕಲ್ಲಿನ ಕೆಲಸವನ್ನು ಬಿಡುವವರ ಕೈಗೆ ಜೀಪು ಕೊಡಬಾರದು.

ಶಾಫ್ಟಿನ ಎರಡೂ ತುದಿಗೆ ಬಿಳಿ ಬಣ್ಣದಲ್ಲಿ ಗುರುತು ಹಾಕಿ ಬಿಚ್ಚಿದರು, ಮರಳಿ ಕೂರಿಸುವಾಗ ಅದೇ ಜಾಗಕ್ಕೆ ಬರಬೇಕೆಂಬುದಕ್ಕಾಗಿ. ಆಮೇಲೆ ಚೈನ್ ಪುಲ್ಲಿಯ ಸರಪಳಿಯನ್ನು ಜೀಪಿನೊಳಗಿಂದ ಇಳಿಬಿಟ್ಟು ಗೇರ್ ಬಾಕ್ಸಿಗೆ ಸುತ್ತಿ, ಒಬ್ಬರು ಮೇಲಿನಿಂದ ಭಾರ ಹಿಡಿದು, ಇನ್ನೊಬ್ಬರು ಕೆಳಗಿನಿಂದ ಅಲುಗಾಡಿಸುತ್ತಾ ಹಿಂದಕ್ಕೆ ಎಳೆದರು. ಗೇರ್ ಬಾಕ್ಸಿನ ಮುಂದೆ ಚಾಚಿರುವ ಇನ್‌ಪುಟ್ ಶಾಫ್ಟು ಪ್ಲೇಟಿನ ನಡುವಿನ ಹಲ್ಲುಗಳಿಂದ ಪೂರ್ತಿ ಹೊರಗೆ ಬರುವವರೆಗೂ ಸರಪಳಿಯನ್ನು ಒಂದಿಷ್ಟೂ ಸಡಿಲ ಬಿಡಲಿಲ್ಲ.

ತೆರೆದಾಗ ಕಂಡದ್ದು

ಗೇರ್ ಬಾಕ್ಸ್ ಹಿಂದೆ ಸರಿದ ಮೇಲೆ ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನ ಒಳಗೆ ಕಪ್ಪು ಪುಡಿ ಗಟ್ಟಿಯಾಗಿ ಕೂತಿತ್ತು. ಹುಡುಗ ಅಭ್ಯಾಸಬಲದಿಂದ ಕಂಪ್ರೆಸರಿನ ಗಾಳಿ ಹೊಡೆಯಲು ಹೊರಟಾಗ ಮೆಕ್ಯಾನಿಕ್ ತಡೆದು, ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಲು ಹೇಳಿದರು. ಹಳೆಯ ಕ್ಲಚ್ ಮತ್ತು ಬ್ರೇಕ್ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಅದರ ನಾರು ಉಸಿರಿನೊಂದಿಗೆ ಒಳಗೆ ಹೋದರೆ ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ, ರೋಗ ಕಾಣಿಸಿಕೊಳ್ಳುವುದು ದಶಕಗಳ ನಂತರ. ಎಷ್ಟೋ ವರ್ಷ ಹಿಂದೆ ಹಾಕಿದ ಪ್ಲೇಟಿನ ಲೈನಿಂಗಿನಲ್ಲಿ ಏನಿತ್ತೆಂದು ನೋಡಿ ಹೇಳಲಾಗುವುದಿಲ್ಲ, ಹಾಗಿರುವಾಗ ಒದ್ದೆ ಬಟ್ಟೆಯೇ ಸರಿ. ನಮ್ಮ ಪೇಟೆಗಳ ಗ್ಯಾರೇಜುಗಳಲ್ಲಿ ಹದಿನೆಂಟು ಇಪ್ಪತ್ತು ವಯಸ್ಸಿನ ಹುಡುಗರು ಈ ಪುಡಿಯ ಮೋಡದೊಳಗೆ ಮುಖವಿಟ್ಟು ಕೆಲಸ ಮಾಡುವುದನ್ನು ಕಂಡಾಗ ಸಂಕಟವಾಗುತ್ತದೆ. ಜೀಪಿನ ಮಾಲೀಕರು ಇಷ್ಟೊಂದನ್ನು ಕೇಳಿ ಮಾಡಿಸಬಹುದು, ಖರ್ಚೇನೂ ಇಲ್ಲ.

ಪುಡಿಯನ್ನು ಒರೆಸಿದ ಮೇಲೆ ಅದರ ಅಡಿಯಲ್ಲಿ ಎಣ್ಣೆಯ ಜಿಡ್ಡು ಕಂಡಿತು. ಮೆಕ್ಯಾನಿಕ್ ಅದನ್ನು ಬೆರಳಿನಲ್ಲಿ ತೆಗೆದು ಮೂಗಿನ ಬಳಿ ಹಿಡಿದು, "ಇದು ಗೇರ್ ಆಯಿಲ್ ಅಲ್ಲ ಭಟ್ರೇ, ಎಂಜಿನ್ನಿನದು. ಹಿಂದಿನ ಸೀಲು ಬಿಟ್ಟಿದೆ" ಎಂದರು. ಗೇರ್ ಆಯಿಲಿಗೆ ಗಂಧಕದ ಘಾಟು ಇರುತ್ತದೆ, ಡೀಸೆಲ್ ಎಂಜಿನ್ನಿನ ಎಣ್ಣೆ ಮಸಿಯಷ್ಟು ಕಪ್ಪಾಗಿ, ಬೇರೆ ವಾಸನೆಯಲ್ಲಿರುತ್ತದೆ. ಇಲ್ಲಿ ಎಣ್ಣೆ ಬರಲು ಎರಡು ದಾರಿಗಳಿವೆ. ಮುಂದಿನಿಂದ ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಹಿಂಬದಿಯ ಸೀಲು, ಹಿಂದಿನಿಂದ ಗೇರ್ ಬಾಕ್ಸಿನ ಮುಂಭಾಗ. ಯಾವುದೆಂದು ತಿಳಿಯದೆ ಪ್ಲೇಟು ಮಾತ್ರ ಬದಲಿಸಿದರೆ ಹೊಸ ಲೈನಿಂಗೂ ಕೆಲವೇ ತಿಂಗಳಲ್ಲಿ ಎಣ್ಣೆ ಕುಡಿದು ಜಾರತೊಡಗುತ್ತದೆ, ಆ ಸೀಲಿಗಾಗಿ ಮತ್ತೊಮ್ಮೆ ಗೇರ್ ಬಾಕ್ಸ್ ಇಳಿಸಬೇಕಾಗುತ್ತದೆ. ಬೇಗ ಮರಳಿ ಬರುವ ಜೀಪುಗಳಲ್ಲಿ ಒಂದಷ್ಟಕ್ಕೆ ಕಾರಣ ಇದೇ ಎಂದು ಅಂದು ನನಗೆ ಖಚಿತವಾಯಿತು. ಮಾಲೀಕರು ಪ್ಲೇಟಿನ ಬೆಲೆ ಕೇಳುತ್ತಾರೆ, ಗ್ಯಾರೇಜಿನವರು ಕೇಳಿದ್ದನ್ನಷ್ಟೇ ಮಾಡಿಕೊಡುತ್ತಾರೆ.

ಪ್ಲೇಟನ್ನು ಬಿಚ್ಚಿ ಕೈಗೆ ಕೊಟ್ಟರು. ಒಂದು ಬದಿಯಲ್ಲಿ ಲೈನಿಂಗ್ ರಿವೆಟ್ಟಿನ ತಲೆಯ ಮಟ್ಟಕ್ಕೆ ಇಳಿದಿತ್ತು, ಅಂಚಿನಲ್ಲಿ ಗಾಜಿನಂತಹ ಹೊಳಪು ಬಂದಿತ್ತು. ರಿವೆಟ್ಟು ಫ್ಲೈವೀಲಿನ ಮೇಲೆ ವೃತ್ತಾಕಾರದ ಗೆರೆ ಎಳೆಯಲು ಶುರುಮಾಡಿತ್ತು. ಫ್ಲೈವೀಲಿನ ಮುಖದ ಮೇಲೆ ಅಲ್ಲಲ್ಲಿ ನೀಲಿ ಮಚ್ಚೆಗಳಿದ್ದವು. ಅತಿಯಾಗಿ ಕಾಯ್ದ ಲೋಹ ಹಾಗೆ ಬಣ್ಣ ತಿರುಗುತ್ತದೆ. ಎಣ್ಣೆಯ ಸೋರಿಕೆಯಿಂದ ಪ್ಲೇಟು ಜಾರಿರಬಹುದು, ಜಾರಿದ್ದರಿಂದ ಕಾಯ್ದಿರಬಹುದು. ಆದರೆ ಜೀಪಿನ ಹಿಂದಿನ ಕಾಲದಲ್ಲಿ, ನಮ್ಮ ಮನೆಗೆ ಬರುವ ಮುಂಚೆ, ಅದನ್ನು ಓಡಿಸಿದ ರೀತಿಯೂ ಆ ಮಚ್ಚೆಗಳಲ್ಲಿ ಸೇರಿದೆ ಎಂದು ಮೆಕ್ಯಾನಿಕ್ ಹೇಳಿದರು. ಫ್ಲೈವೀಲನ್ನು ಲೇತಿಗೆ ಕಳಿಸಿ ಮುಖ ಹೊಡೆಸಿದೆವು, ಅಂದರೆ ಮೇಲ್ಮೈಯನ್ನು ತೆಳುವಾಗಿ ಕೆತ್ತಿಸಿ ಸಮ ಮಾಡಿಸಿದೆವು. ಕೂದಲೆಳೆಯ ಬಿರುಕಿದ್ದರೆ ಮುಖ ಹೊಡೆಸುವುದರಲ್ಲಿ ಅರ್ಥವಿಲ್ಲ, ಬದಲಿಸಲೇಬೇಕು. ನಮ್ಮದರಲ್ಲಿ ಇರಲಿಲ್ಲ.

ಕ್ರ್ಯಾಂಕಿನ ತುದಿಯ ಪೈಲಟ್ ಬುಷ್ ತೆಗೆದ ವಿಧಾನವನ್ನು ನಾನು ಮರೆಯಲಾರೆ. ಇನ್‌ಪುಟ್ ಶಾಫ್ಟಿನ ಮೂತಿ ಕೂರುವ ಈ ಪುಟ್ಟ ಭಾಗ ಕುರುಡು ರಂಧ್ರದೊಳಗೆ ಬಿಗಿಯಾಗಿರುತ್ತದೆ, ಹಿಂದಿನಿಂದ ತಳ್ಳಲು ದಾರಿಯಿಲ್ಲ. ಮೆಕ್ಯಾನಿಕ್ ರಂಧ್ರದ ತುಂಬ ಗ್ರೀಸ್ ತುಂಬಿ, ಬುಷ್ಷಿನ ಒಳಗೆ ಸರಿಯಾಗಿ ಹಿಡಿಯುವ ಸರಳೊಂದನ್ನು ಇಟ್ಟು ಸುತ್ತಿಗೆಯಿಂದ ಬಡಿದರು. ಗ್ರೀಸಿಗೆ ಹೋಗಲು ಬೇರೆ ಜಾಗವಿಲ್ಲದ್ದರಿಂದ ಅದು ಬುಷ್ಷಿನ ಹಿಂದೆ ಸೇರಿ ಅದನ್ನು ಹೊರಗೆ ನೂಕಿತು. ಇನ್ನಷ್ಟು ಗ್ರೀಸ್, ಇನ್ನೆರಡು ಪೆಟ್ಟು, ಬುಷ್ ಕೈಗೆ ಬಂತು. ಒಳಗಿನ ರಂಧ್ರ ಮೊಟ್ಟೆಯಾಕಾರಕ್ಕೆ ಸವೆದಿತ್ತು. ಅದು ಹಾಗಾದರೆ ಶಾಫ್ಟಿನ ತುದಿ ಅಲುಗುತ್ತದೆ, ಒಣಗಿ ಹಿಡಿದುಕೊಂಡರೆ ಪೆಡಲ್ ಪೂರ್ತಿ ಒತ್ತಿದರೂ ಶಾಫ್ಟು ತಿರುಗುತ್ತಲೇ ಇರುತ್ತದೆ. ರಿವರ್ಸ್ ಬೀಳದೆ ಹಲ್ಲು ಕಡಿಯುವ ಎಷ್ಟೋ ಜೀಪುಗಳ ರೋಗ ಇಷ್ಟು ಚಿಕ್ಕ ತುಂಡಿನಲ್ಲಿರುತ್ತದೆ.

ಬಿಡಿಭಾಗಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಹಳೆಯ ಪ್ಲೇಟಿಗೆ ಹೊಸ ಲೈನಿಂಗ್ ಹೊಡೆಸುವುದು ಅಗ್ಗ, ಸಣ್ಣ ಪೇಟೆಗಳಲ್ಲೂ ಆಗುತ್ತದೆ, ಆದರೆ ನಡುವಿನ ಸ್ಪ್ರಿಂಗುಗಳು ಮತ್ತು ಹಲ್ಲುಗಳು ಹಳೆಯವೇ ಉಳಿಯುತ್ತವೆ. ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು, ಪೈಲಟ್ ಬುಷ್ ನಾಲ್ಕನ್ನೂ ಒಟ್ಟಿಗೆ ಹೊಸದಾಗಿ ಹಾಕುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಈ ಜೀಪುಗಳ ಭಾಗಗಳು ಇಂದಿಗೂ ಸಿಗುತ್ತವೆ. ಹಳೆಯ ಪ್ಲೇಟನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಬೇಕು, ಏಕೆಂದರೆ ಈ ಜೀಪುಗಳಿಗೆ ಬೇರೆ ಬೇರೆ ಎಂಜಿನ್ ಕೂರಿಸಿಕೊಂಡವರು ಬಹಳ, ಮಾದರಿಯ ಹೆಸರು ಹೇಳಿದರೆ ಸಾಲದು. ವ್ಯಾಸವನ್ನೂ ಹಲ್ಲುಗಳ ಲೆಕ್ಕವನ್ನೂ ಹೋಲಿಸಿ ತರಬೇಕು.

ಜೋಡಿಸುವಾಗ ಪ್ಲೇಟು ನಡುವಿಗೆ ಬರಬೇಕು. ಅದಕ್ಕೆ ನಮ್ಮ ಗ್ಯಾರೇಜಿನಲ್ಲಿ ಗುಜರಿಯ ಗೇರ್ ಬಾಕ್ಸಿನಿಂದ ಉಳಿಸಿಕೊಂಡ ಒಂದು ಹಳೆಯ ಇನ್‌ಪುಟ್ ಶಾಫ್ಟನ್ನು ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಅದನ್ನು ಪ್ಲೇಟಿನ ಮೂಲಕ ಬುಷ್ಷಿನೊಳಗೆ ಕೂರಿಸಿ, ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಆಮೇಲೆ ಶಾಫ್ಟನ್ನು ಹೊರಗೆಳೆದರು. ಅದು ಸಲೀಸಾಗಿ ಬಂದರೆ ಗೇರ್ ಬಾಕ್ಸೂ ಸಲೀಸಾಗಿ ಹೋಗುತ್ತದೆ. ಗೇರ್ ಬಾಕ್ಸ್ ಏರಿಸುವಾಗ ಅದರ ಭಾರ ಒಂದು ಕ್ಷಣವೂ ಪ್ಲೇಟಿನ ಮೇಲೆ ನೇತಾಡಬಾರದು. ನೇತಾಡಿದರೆ ಹೊಸ ಪ್ಲೇಟು ಬಾಗಿ, ಮೊದಲ ದಿನದಿಂದಲೇ ಜೀಪು ಅದುರುತ್ತಾ ಹೊರಡುತ್ತದೆ.

ಚಿಕ್ಕ ಲಿವರು

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಸೀಲು, ಬುಷ್, ಫ್ಲೈವೀಲು ಎಲ್ಲವನ್ನೂ ಸರಿ ಮಾಡಿದ ಮೇಲೂ ಒಂದು ಜೀಪಿಗೂ ಇನ್ನೊಂದಕ್ಕೂ ಉಳಿಯುವ ವ್ಯತ್ಯಾಸ ಓಡಿಸುವ ಕಾಲಿನದು ಮತ್ತು ಕೈಯದು. ಕೊಲ್ಲೂರಿನಿಂದ ನಾಗೋಡಿ, ಕಟ್ಟಿನಹೊಳೆಯ ಮೂಲಕ ಕೊಡಚಾದ್ರಿಗೆ ಹೋಗುವ ಬಾಡಿಗೆ ಜೀಪುಗಳನ್ನು ಬಹಳ ಜನ ಹತ್ತಿದ್ದೀರಿ. 1343 ಮೀಟರ್ ಎತ್ತರದ ಆ ಬೆಟ್ಟದ ಕೊನೆಯ ಭಾಗದಲ್ಲಿ ರಸ್ತೆ ಎಂಬುದೇ ಇಲ್ಲ, ಕಲ್ಲು ಮತ್ತು ಕೊರಕಲು. ಮನೆಗೆ ಬಂದ ನೆಂಟರೊಡನೆ ಹಾಗೊಮ್ಮೆ ಹೋದಾಗ ನಾನು ಮುಂದಿನ ಸೀಟಿನಲ್ಲಿ ಕೂತಿದ್ದೆ. ವಯಸ್ಸಾದ ಚಾಲಕರು ಮಣ್ಣಿನ ಏರು ಶುರುವಾಗುವ ಜಾಗದಲ್ಲಿ ಜೀಪನ್ನು ಪೂರ್ತಿ ನಿಲ್ಲಿಸಿ, ಗೇರ್ ಲಿವರಿನ ಪಕ್ಕದ ಚಿಕ್ಕ ಲಿವರುಗಳಲ್ಲಿ ಮೊದಲು ಮುಂದಿನ ಚಕ್ರದ್ದನ್ನು, ಆಮೇಲೆ ಟ್ರಾನ್ಸ್‌ಫರ್ ಕೇಸಿನ ಲೋ ಗೇರಿನದನ್ನು, ಅಂದರೆ ವೇಗ ತಗ್ಗಿಸಿ ಎಳೆತ ಹೆಚ್ಚಿಸುವುದನ್ನು, ಹಾಕಿದರು. ಅಲ್ಲಿಂದ ಮೇಲೆ ಅವರ ಎಡಗಾಲು ಪೆಡಲಿನ ಬಳಿಗೇ ಹೋಗಲಿಲ್ಲ. ಹಾವಿನ ತಿರುವಿನಲ್ಲಿ ಎದುರಿನ ಜೀಪಿಗೆ ದಾರಿ ಬಿಡಲು ನಿಂತಾಗ ಮಾತ್ರ ಒತ್ತಿದರು, ಹೊರಟ ಕೂಡಲೇ ಪೂರ್ತಿ ಬಿಟ್ಟರು. ನಾನು ಕೇಳಿದ್ದಕ್ಕೆ, "ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಹತ್ತಿಸ್ತಾರಲ್ಲ ಭಟ್ರೇ, ಅದೇನು ಕಾಲುಮಣೆಯಾ?" ಎಂದರು. ಅದೇ ಏರಿನಲ್ಲಿ ನಮ್ಮ ಹಿಂದೆ ಬರುತ್ತಿದ್ದ ಇನ್ನೊಂದು ಜೀಪಿನ ಎಂಜಿನ್ನು ಏರಿಳಿಯುವ ಸದ್ದು ಮತ್ತು ಸುಟ್ಟ ವಾಸನೆ ನಮ್ಮನ್ನು ಬೆಟ್ಟದ ಮೇಲಿನವರೆಗೂ ಹಿಂಬಾಲಿಸಿತು.

ಅವರ ಮಾತಿನ ಹಿಂದಿರುವ ಲೆಕ್ಕ ಬಹಳ ದೊಡ್ಡದು. ನಿಂತ ವಾಹನವನ್ನು ಕ್ಲಚ್ ಬಿಡುತ್ತಾ ಹೊರಡಿಸುವಾಗ, ಸಮತಟ್ಟಾದ ನೆಲದಲ್ಲೂ, ವಾಹನ ಪಡೆದುಕೊಂಡ ಚಲನಶಕ್ತಿಯಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗಿ ಹೋಗುತ್ತದೆ. ಈ ಜೀಪುಗಳ ಟ್ರಾನ್ಸ್‌ಫರ್ ಕೇಸಿನ ಲೋ ಗೇರು ವೇಗವನ್ನು ಸುಮಾರು ಎರಡೂವರೆ ಪಟ್ಟು ತಗ್ಗಿಸುತ್ತದೆ, ಅನುಪಾತ 2.46. ಎಂಜಿನ್ ಅದೇ ವೇಗದಲ್ಲಿ ತಿರುಗುತ್ತಿದ್ದಾಗ ಕ್ಲಚ್ ಪೂರ್ತಿ ಹಿಡಿದುಕೊಳ್ಳುವ ಹೊತ್ತಿಗೆ ಜೀಪು ತಲುಪಬೇಕಾದ ವೇಗ ಅಷ್ಟು ಪಟ್ಟು ಕಡಿಮೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಶಾಖ ಸುಮಾರು ಆರನೇ ಒಂದು ಪಾಲಿಗೆ ಇಳಿಯುತ್ತದೆ. ಏರಿನಲ್ಲಿ ಇಳಿಜಾರಿನ ಎಳೆತವೂ ಸೇರುತ್ತದೆ. ಹೈ ಗೇರಿನಲ್ಲಿ ಆ ಎಳೆತವೆಲ್ಲ ಜಾರುತ್ತಿರುವ ಪ್ಲೇಟಿನ ಮೇಲೆ ಬೀಳುತ್ತದೆ, ಲೋದಲ್ಲಿ ಅದರಲ್ಲೂ ಎರಡೂವರೆಯಲ್ಲಿ ಒಂದು ಪಾಲು ಮಾತ್ರ. ಏರಿನ ನಡುವೆ ನಿಂತು ಹೊರಡುವಾಗ ಅರ್ಧ ಕ್ಲಚ್ಚಿನಲ್ಲಿ ಜೀಪನ್ನು ತೂಗಿಸಿ ಹಿಡಿಯುವವರು ಎಂಜಿನ್ನು ಕೊಡುವ ಶಕ್ತಿಯನ್ನೆಲ್ಲ ಆ ತೆಳುವಾದ ಲೈನಿಂಗಿಗೆ ಸುರಿಯುತ್ತಿರುತ್ತಾರೆ. ನೀಲಿ ಮಚ್ಚೆ ಬರುವುದು ಅಲ್ಲಿಂದಲೇ.

ಹಾಗಾದರೆ ಲೋ ಗೇರನ್ನು ಜನ ಏಕೆ ಬಳಸುವುದಿಲ್ಲ? ಅವರ ಕಡೆಯಿಂದಲೂ ನ್ಯಾಯವಾದ ಕಾರಣವಿದೆ. ಈ ಜೀಪುಗಳಲ್ಲಿ ಮುಂದಿನ ಚಕ್ರ ಸೇರಿಸದೆ ಲೋ ಹಾಕಲಾಗುವುದಿಲ್ಲ, ಹಿಂದಿನ ಶಾಫ್ಟೊಂದರ ಮೇಲೆ ಅಷ್ಟು ಬಲ ಬೀಳದಿರಲೆಂದು ಒಳಗೆ ಹಾಗೆ ತಡೆ ಇಟ್ಟಿದ್ದಾರೆ. ಗಟ್ಟಿಯಾದ ಟಾರು ಅಥವಾ ಕಾಂಕ್ರೀಟಿನ ಮೇಲೆ ನಾಲ್ಕೂ ಚಕ್ರ ಸೇರಿಸಿ ತಿರುಗಿಸಿದರೆ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳಬೇಕಾಗಿ ಶಾಫ್ಟುಗಳಲ್ಲಿ ಬಿಗಿತ ತುಂಬುತ್ತದೆ, ಲಿವರು ಹೊರಗೆ ಬರುವುದಿಲ್ಲ. ಒಮ್ಮೆ ಹಾಗೆ ಸಿಕ್ಕಿಕೊಂಡವರು ಅದರ ತಂಟೆಗೇ ಹೋಗುವುದಿಲ್ಲ. ನಮ್ಮ ತೋಟದ ಏರುಗಳಿಗೆ ಈಗ ತುಂಡು ತುಂಡಾಗಿ ಕಾಂಕ್ರೀಟು ಬಿದ್ದಿರುವುದರಿಂದ ಈ ಗೊಂದಲ ಇನ್ನೂ ಹೆಚ್ಚಾಗಿದೆ. ಆದರೆ ಕೆಸರಿನಲ್ಲಿ, ಜಲ್ಲಿಯಲ್ಲಿ, ಒದ್ದೆ ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ಬಿಗಿತವನ್ನು ಬಿಟ್ಟುಕೊಡುತ್ತದೆ, ಅಲ್ಲಿ ಹೆದರಬೇಕಾದ್ದಿಲ್ಲ. ಅಲ್ಲಿಯೂ ಬಳಸದೆ ಬಿಟ್ಟ ಲಿವರು ಕೆಲವು ವರ್ಷಗಳಲ್ಲಿ ತುಕ್ಕು ಹಿಡಿದು ಅಲುಗದಂತಾಗುತ್ತದೆ, ಆಮೇಲೆ ಬಳಸಬೇಕೆಂದರೂ ಬರುವುದಿಲ್ಲ. ನಾಲ್ಕು ಚಕ್ರದ ಜೀಪೆಂದು ಕೊಂಡು, ಎರಡು ಚಕ್ರದಲ್ಲಿ ಓಡಿಸಿ, ಮಿಕ್ಕೆರಡು ಚಕ್ರದ ಕೆಲಸವನ್ನು ಕ್ಲಚ್ಚಿನಿಂದ ಮಾಡಿಸುವುದು ಮಲೆನಾಡಿನ ತುಂಬ ನಡೆದಿದೆ.

ಗೇರ್ ಬಾಕ್ಸು ನೆಲದ ಮೇಲಿದ್ದಾಗ ಆ ಲಿವರಿನ ಸರಳುಗಳನ್ನು ಬಿಚ್ಚಿ, ತುಕ್ಕು ತಿಕ್ಕಿ, ಸೀಲು ಬದಲಿಸಿ, ಹೊಸ ಗೇರ್ ಆಯಿಲ್ ಹಾಕಿ ಸಡಿಲಗೊಳಿಸುವುದು ಸುಲಭ. ಜೀಪಿನ ಕೆಳಗೆ ಮಲಗಿ ಅದೇ ಕೆಲಸ ಮಾಡುವುದು ಬಹಳ ಕಷ್ಟ. ನಮ್ಮದರಲ್ಲಿ ಲಿವರು ಓಡಾಡುತ್ತಿತ್ತು, ಆದರೂ ಬುಡದ ರಬ್ಬರು ಹರಿದು ನೀರು ಇಳಿಯುತ್ತಿದ್ದುದರಿಂದ ಅದನ್ನು ಬದಲಿಸಿದೆವು. ಹೊಸ ಲೈನಿಂಗ್ ಫ್ಲೈವೀಲಿಗೆ ಹೊಂದಿಕೊಳ್ಳುವ ಮೊದಲ ಕೆಲವು ನೂರು ಕಿಲೋಮೀಟರು ಲೋಡು ಹಾಕದೆ ಓಡಿಸಿ, ಆಮೇಲೆ ಪೆಡಲಿನ ಸಡಿಲವನ್ನು ಮತ್ತೊಮ್ಮೆ ಹೊಂದಿಸಿದೆವು. ತೋಟದ ಏರಿನಲ್ಲಿ ಕಾಂಕ್ರೀಟು ಮುಗಿದು ಕೆಸರು ಶುರುವಾಗುವ ಜಾಗದಲ್ಲಿ ಈಗ ಜೀಪು ಓಡಿಸುವ ಮನೆಯವರೆಲ್ಲರೂ ನಿಲ್ಲಿಸಿ, ಎರಡೂ ಲಿವರು ಹಾಕಿ, ಹೊರಡುತ್ತಾರೆ. ಪಕ್ಕದ ಊರಿನ ನೆಂಟರೊಬ್ಬರು ತಮ್ಮ ಜೀಪಿಗೆ ಯಾವ ಪ್ಲೇಟು ತರಿಸಲಿ ಎಂದು ಮೊನ್ನೆ ಕೇಳಿದರು. ಲೋ ಲಿವರು ಬೀಳುತ್ತದೆಯೇ ಎಂದು ಕೇಳಿದ್ದಕ್ಕೆ, ಅದನ್ನು ಮುಟ್ಟಿ ಎಷ್ಟು ಕಾಲವಾಯಿತೋ ಎಂದರು. ಗೇರ್ ಬಾಕ್ಸ್ ಇಳಿಸುವ ದಿನ ಮಾಡಿಸಬೇಕಾದ ಕೆಲಸಗಳ ಚೀಟಿಯಲ್ಲಿ ಆ ಲಿವರನ್ನು ಮೊದಲು ಬರೆದು, ಎಂಜಿನ್ನಿನ ಹಿಂದಿನ ಸೀಲನ್ನು ಎರಡನೆಯದಾಗಿ ಬರೆದು, ಪ್ಲೇಟನ್ನು ಅದರ ಕೆಳಗೆ ಬರೆಯಿರಿ ಎಂದು ಅವರಿಗೆ ಹೇಳಿದ್ದೇನೆ.